ಕಖೇತಿಯಲ್ಲಿ ಎರಡು ರಾತ್ರಿ: ನೆಲದೊಳಗಿನ ವೈನ್, ಅಜ್ಜಿಯ ಕೈ ಊಟ

ರ್ಕತ್ಸಿತೆಲಿ ಎಂಬ ದ್ರಾಕ್ಷಿ ತಳಿಯ ಹೆಸರಿಗೆ ಕೆಂಪು ಕಡ್ಡಿ ಅಂತ ಅರ್ಥ. ಮಗಳು ಹಾಗೆ ಹೇಳಿದಾಗ ಹಣ್ಣೂ ಕೆಂಪಗಿರುತ್ತದೆ ಅಂದುಕೊಂಡಿದ್ದೆ. ತೋಟದೊಳಗೆ ಹೋಗಿ ನೋಡಿದರೆ ಹಣ್ಣು ಹೊಂಬಣ್ಣ. ಬಿಸಿಲು ಬಿದ್ದ ಕಡೆ ಚೂರು ಕಂದು. ಕೆಂಪಗಿದ್ದದ್ದು ಬಲಿತ ಕಡ್ಡಿ. ಈ ಹೆಸರಿಟ್ಟವರು ಯಾರೋ ಬೆಳೆಗಾರರೇ ಇರಬೇಕು ಅನ್ನಿಸಿತು. ಹಣ್ಣು ಕೊಳ್ಳುವವರು ಕಡ್ಡಿ ನೋಡುವುದಿಲ್ಲ. ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುವವರು ಮೊದಲು ನೋಡುವುದೇ ಅದನ್ನು.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಐದು ಎಕರೆ ದ್ರಾಕ್ಷಿ. ಥಾಮ್ಸನ್ ತಳಿ, ಪೂರ್ತಿ ಮಣೂಕಕ್ಕೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅಂತಲೇ ಅನ್ನುವುದು. ಮಗಳು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಡಾಕ್ಟರ್ ಓದುತ್ತಿದ್ದಾಳೆ, ನಾಲ್ಕನೇ ವರ್ಷ. ಮೂರು ವರ್ಷದಿಂದ ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದಳು. ಕಳೆದ ಸೆಪ್ಟೆಂಬರ್ ಕೊನೆಗೆ ನಾನೂ ನಮ್ಮ ಯಜಮಾನರೂ ಹೋಗಿ ಬಂದೆವು. ಅಕ್ಟೋಬರ್ ಚಾಟ್ನಿ ಶುರುವಾಗುವ ಮೊದಲೇ ವಾಪಸ್ ಬರಬೇಕಿತ್ತು, ಹಾಗಾಗಿ ಹನ್ನೆರಡೇ ದಿನ. ಅದರಲ್ಲಿ ಎರಡು ರಾತ್ರಿ, ಮೂರು ಹಗಲು ಆ ದೇಶದ ಪೂರ್ವಕ್ಕಿರುವ ದ್ರಾಕ್ಷಿ ಸೀಮೆ ಕಖೇತಿಯ ಒಂದು ಹಳ್ಳಿ ಮನೆಯಲ್ಲಿ ಕಳೆದೆವು. ಈ ಬರಹ ಮುಖ್ಯವಾಗಿ ಆ ಮನೆಯ ಬಗ್ಗೆ.

ನಾನು ಮನೆಯಲ್ಲಿ ಕುಡಿಯುವವಳಲ್ಲ. ನಮ್ಮ ಯಜಮಾನರಂತೂ ಮುಟ್ಟುವುದೇ ಇಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ದ್ರಾಕ್ಷಿ ಜೊತೆಗೇ ಬದುಕಿದ್ದೇನೆ. ಆ ಹಣ್ಣಿನಿಂದ ಇನ್ನೊಂದು ಊರಿನ ಜನ ಏನು ಮಾಡುತ್ತಾರೆ, ಅದು ಬಾಯಿಗೆ ಹೇಗಿರುತ್ತದೆ ಅಂತ ನೋಡಬೇಕು ಅನ್ನುವ ಆಸೆ ಬಹಳ ದಿನದ್ದು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಬಂದ ಮೂರನೇ ದಿನ ಟಿಬಿಲಿಸಿಯಿಂದ ಒಂದು ದಿನದ ‘ವೈನ್ ಟೂರ್’ ಬುಕ್ ಮಾಡಿದೆವು. ಕಂಪನಿಯ ಹೆಸರು ಬೇಡ. ಹದಿನಾರು ಜನ ಒಂದೇ ವ್ಯಾನಿನಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್. ಎರಡು ಕಡೆ ವೈನ್ ರುಚಿ ಅಂದಿದ್ದರು. ಒಂದೊಂದು ಕಡೆ ಇಪ್ಪತ್ತು ನಿಮಿಷವೂ ಇರಲಿಲ್ಲ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಐದು ಬಗೆ ಸುರಿದರು. ಒಂದು ಬಾಯಲ್ಲಿರುವಾಗಲೇ ಇನ್ನೊಂದು ಬರುತ್ತಿತ್ತು. ಇದು ಯಾವ ಹಣ್ಣು, ಎಷ್ಟು ದಿನ ಸಿಪ್ಪೆ ಜೊತೆ ಇಟ್ಟಿದ್ದು ಅಂತ ಕೇಳಿದರೆ ಆ ಹುಡುಗ ಕಾರ್ಡ್ ನೋಡಿ ಓದಿದ. ಊಟಕ್ಕೆ ಮಾಂಸ ಬೇಡ ಅಂತ ಎರಡು ಸಲ ಬರೆದು ಕಳಿಸಿದ್ದೆವು. ನಮ್ಮ ಮುಂದೆ ಬಂದದ್ದು ಸೌತೆಕಾಯಿ, ಟೊಮೆಟೊ, ಬ್ರೆಡ್. ದುಡ್ಡು ಮಾತ್ರ ಎಲ್ಲರಷ್ಟೇ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ದಿನ ಉಳಿದ ಒಳ್ಳೆಯ ನೆನಪು ಎರಡು. ಒಂದು ಸಿಘ್ನಾಘಿ ಊರು. ಗುಡ್ಡದ ಮೇಲಿನ ಸಣ್ಣ ಊರು ಅದು. 18ನೇ ಶತಮಾನದಲ್ಲಿ ಎರೆಕ್ಲೆ ರಾಜ ಕಟ್ಟಿಸಿದ ಕೋಟೆಗೋಡೆ ಸುತ್ತಲೂ ಇನ್ನೂ ಇದೆ. ಗೋಡೆಯ ಮೇಲೆ ನಿಂತರೆ ಕೆಳಗೆ ಅಲಜಾನಿ ಕಣಿವೆ, ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ಸಾಲು, ಅದರಾಚೆ ಕಾಕಸಸ್ ಬೆಟ್ಟ. ಇನ್ನೊಂದು ಪಕ್ಕದ ಬೊದ್ಬೆ ಮಠ. ಸಂತ ನೀನೋ ಎಂಬ ಹೆಣ್ಣುಮಗಳ ಸಮಾಧಿ ಅಲ್ಲಿದೆ. 4ನೇ ಶತಮಾನದಲ್ಲಿ ಈ ದೇಶಕ್ಕೆ ಕ್ರೈಸ್ತ ಧರ್ಮ ತಂದವಳು ಆಕೆ. ದ್ರಾಕ್ಷಿ ಬಳ್ಳಿಯ ಎರಡು ಕಡ್ಡಿ ತಗೊಂಡು ತನ್ನ ತಲೆಗೂದಲಿನಿಂದಲೇ ಕಟ್ಟಿ ಶಿಲುಬೆ ಮಾಡಿಕೊಂಡಿದ್ದಳಂತೆ. ಅದಕ್ಕೇ ಇವರ ಶಿಲುಬೆಯ ಎರಡೂ ತೋಳು ಚೂರು ಕೆಳಗೆ ಬಾಗಿರುತ್ತವೆ. ಹಸಿ ಕಡ್ಡಿ ಕಟ್ಟಿದರೆ ಹಾಗೆಯೇ ಬಾಗುತ್ತದೆ, ನಮಗೆ ಗೊತ್ತಲ್ವಾ? ಅಲ್ಲಿ ನಾನು ಸುಮಾರು ಹೊತ್ತು ಕೂತೆ. ವ್ಯಾನಿನವರು ಹಾರ್ನ್ ಹೊಡೆದರು.

ಅವತ್ತೇ ರಾತ್ರಿ ಮಗಳಿಗೆ ಹೇಳಿದೆ, ಯಾರದಾದರೂ ಮನೆಗೆ ಕರೆದುಕೊಂಡು ಹೋಗು ಅಂತ. ಅವಳ ಕಾಲೇಜಿನ ಒಬ್ಬ ಜಾರ್ಜಿಯನ್ ಗೆಳತಿಯ ಮೂಲಕ ಈ ಮನೆ ಸಿಕ್ಕಿತು. ತೆಲಾವಿ ಪಟ್ಟಣದಿಂದ ಹತ್ತು ಹನ್ನೆರಡು ಕಿಲೋಮೀಟರ್. ಬಾಡಿಗೆಗೆ ಕೊಡುವುದು ಎರಡೇ ಕೋಣೆ. ಅವರಿಗೆ ಪ್ರಚಾರ ಬೇಡ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಆದರೆ ತೆಲಾವಿ ಸುತ್ತಮುತ್ತ ಇಂಥ ಮನೆ ಬೇಕಾದಷ್ಟಿವೆ. ಗೇಟಿನ ಮೇಲೆ ‘ಮರಾನಿ’ ಅಂತ ಬೋರ್ಡ್ ಇರುತ್ತದೆ. ವೈನ್ ಮಾಡಿ ಇಡುವ ಕೋಣೆಗೆ ಅಲ್ಲಿ ಮರಾನಿ ಅನ್ನುತ್ತಾರೆ. ತೋಟ ನಿಮ್ಮದೇನಾ, ಊಟ ಮನೆಯಲ್ಲೇ ಮಾಡುತ್ತೀರಾ ಅಂತ ಎರಡೇ ಪ್ರಶ್ನೆ ಕೇಳಿ. ಎರಡಕ್ಕೂ ಹೌದು ಅಂದರೆ ಕಣ್ಣು ಮುಚ್ಚಿಕೊಂಡು ಹೋಗಿ.

ಟಿಬಿಲಿಸಿಯಿಂದ ತೆಲಾವಿಗೆ ಎರಡು ದಾರಿ. ಗೊಂಬೋರಿ ಘಾಟಿನ ದಾರಿ ಹತ್ತಿರ, ಕಾಡು ಚೆನ್ನಾಗಿದೆ, ತಿರುವು ಜಾಸ್ತಿ. ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ.

ಗೇಟು ದಾಟಿದರೆ ಅಂಗಳದ ಮೇಲೆಲ್ಲ ದ್ರಾಕ್ಷಿ ಚಪ್ಪರ. ನೀಲಿ ಹಣ್ಣು ಜೋತುಬಿದ್ದಿತ್ತು. ಒಂದು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ಬೇರೆ, ತಿರುಳು ಬೇರೆ, ಆ ವಾಸನೆ! ನಮ್ಮ ಬೆಂಗಳೂರು ಬ್ಲೂ ಹಣ್ಣಿನದೇ ರುಚಿ. ಯಾವ ತಳಿ ಅಂತ ಕೇಳಿದರೆ ಇಸಬೆಲ್ಲಾ ಅಂದರು. ಬೆಂಗಳೂರು ಬ್ಲೂ ಕೂಡ ಅದೇ ಬಳಗದ್ದು. ಮೊದಲ ಕ್ಷಣದಲ್ಲೇ ನೆಂಟರ ಮನೆಗೆ ಬಂದ ಹಾಗಾಯಿತು.

ಮರಾನಿ ಮನೆಯ ಹಿಂಬದಿಗೆ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಒಳಗೆ ತಂಪು. ಪೀಪಾಯಿ, ಟ್ಯಾಂಕು ಏನೂ ಇಲ್ಲ. ನೆಲದಲ್ಲಿ ಏಳು ದುಂಡಗಿನ ಬಾಯಿ, ಅಷ್ಟೇ. ಒಂದೊಂದರ ಕೆಳಗೂ ಆಳೆತ್ತರದ ಮಣ್ಣಿನ ಹಂಡೆ ಹೂತಿದೆ. ಅದೇ ಕ್ವೆವ್ರಿ. ಆಕಾರ ಮೊಟ್ಟೆಯ ಹಾಗೆ, ತಳ ಚೂಪು. ಇವರಲ್ಲಿ ದೊಡ್ಡದು 1,000 ಲೀಟರಿನದು. ಒಳಗೆ ಜೇನುಮೇಣ ಸವರಿರುತ್ತಾರೆ. ಕ್ವೆವ್ರಿಯಲ್ಲಿ ವೈನ್ ಮಾಡುವ ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಾವು ಹೋದಾಗ ಸುಗ್ಗಿ ನಡೆಯುತ್ತಿತ್ತು. ಅದಕ್ಕೆ ರ್ತ್ವೆಲಿ ಅನ್ನುತ್ತಾರೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ. ಹೋಗುವವರು ಈ ಸಮಯಕ್ಕೇ ಹೋಗಿ. ಬೇರೆ ಕಾಲದಲ್ಲಿ ಹೋದರೆ ಮುಚ್ಚಿದ ಬಾಯಿ ನೋಡಿ ಬರಬೇಕಾಗುತ್ತದೆ. ಆರು ಕ್ವೆವ್ರಿ ತೊಳೆದಾಗಿತ್ತು, ಒಂದು ಬಾಕಿ ಇತ್ತು. ಮನೆಯ ಯಜಮಾನರು, ಅರವತ್ತರ ಹತ್ತಿರದವರು, ಮೊಣಕಾಲೂರಿ ಕೂತು ಉದ್ದನೆಯ ಕೋಲು ಒಳಗೆ ಬಿಟ್ಟಿದ್ದರು. ಕೋಲಿನ ತುದಿಗೆ ಚೆರ್ರಿ ಮರದ ತೊಗಟೆಯ ಚೂರುಗಳನ್ನು ಒತ್ತಾಗಿ ಪೋಣಿಸಿ ಕಟ್ಟಿದ ಉಜ್ಜುಗ. ಅದರಲ್ಲಿ ಸುತ್ತ ಸುತ್ತ ಉಜ್ಜುತ್ತಾರೆ. ಸೋಪಿಲ್ಲ, ಪುಡಿಯಿಲ್ಲ. ಬರೀ ನೀರು. ನೀರು ಮೊಗೆದು ಹೊರಗೆ ಹಾಕುತ್ತಾರೆ, ಮತ್ತೆ ಹೊಸ ನೀರು. ಹೀಗೆ ಆರು ಸಲವೋ ಏಳು ಸಲವೋ ನೋಡಿದೆ. ಕೊನೆಗೆ ಗಾಜಿನ ಲೋಟದಲ್ಲಿ ಆ ನೀರು ತುಂಬಿ ಬಾಗಿಲ ಬೆಳಕಿಗೆ ಹಿಡಿದರು. ಸ್ವಲ್ಪ ಹೊತ್ತು ನೋಡಿದರು. ತಲೆಯಾಡಿಸಿ, ಚೆಲ್ಲಿ, ಮತ್ತೆ ಉಜ್ಜಲು ಶುರು ಮಾಡಿದರು. ನನ್ನ ಕಣ್ಣಿಗೆ ಆ ನೀರು ಚೊಕ್ಕಟವಾಗೇ ಇತ್ತು.

ತೊಳೆದ ಮೇಲೆ ಕೆಲಸ ಹೀಗೆ. ಮರದ ದೊಡ್ಡ ದೋಣಿಯಲ್ಲಿ ಹಣ್ಣು ಹಾಕಿ ತುಳಿಯುತ್ತಾರೆ. ರಸ ಕ್ವೆವ್ರಿಗೆ. ರಸದ ಜೊತೆಗೆ ಸಿಪ್ಪೆ, ಬೀಜ, ತೊಟ್ಟು ಎಲ್ಲವೂ ಒಳಗೆ. ಹುಳಿ ಬರಲು ಹೊರಗಿನಿಂದ ಏನೂ ಹಾಕುವುದಿಲ್ಲ. ಒಂದೆರಡು ದಿನದಲ್ಲಿ ತಾನೇ ಕುದಿಯಲು ಶುರುವಾಗುತ್ತದೆ. ಸಿಪ್ಪೆ ಮೇಲೆ ತೇಲಿ ದಪ್ಪ ಮುಚ್ಚಳದ ಹಾಗೆ ಕಟ್ಟುತ್ತದೆ, ಅದನ್ನು ದಿನಕ್ಕೆ ನಾಲ್ಕೈದು ಸಲ ಕೋಲಿನಿಂದ ಕೆಳಗೆ ಒತ್ತಬೇಕು. ರಾತ್ರಿಯೂ ಎದ್ದು ಒತ್ತಬೇಕು. ನನಗೂ ಒಮ್ಮೆ ಕೋಲು ಕೊಟ್ಟರು. ಒತ್ತಿದಾಗ ಕೆಳಗಿನಿಂದ ಗುಳುಗುಳು ಅಂತ ಬಂತು, ಮುಖಕ್ಕೆ ಬಿಸಿ ಉಸಿರು ಹೊಡೆದ ಹಾಗೆ. ಕುದಿ ನಿಂತ ಮೇಲೆ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಐದಾರು ತಿಂಗಳು ತೆಗೆಯುವುದಿಲ್ಲ. ನೆಲದೊಳಗೆ ಚಳಿಗಾಲವೂ ಒಂದೇ, ಬೇಸಿಗೆಯೂ ಒಂದೇ. ಬೀಜ ಚೂಪು ತಳಕ್ಕೆ ಇಳಿಯುತ್ತದೆ, ಅದರ ಮೇಲೆ ಸಿಪ್ಪೆ ತೊಟ್ಟು ಕೂರುತ್ತದೆ, ಮೇಲೆ ವೈನ್ ತಿಳಿಯಾಗುತ್ತದೆ. ತಳ ಯಾಕೆ ಚೂಪು ಅಂತ ಆಗ ಅರ್ಥವಾಯಿತು. ಬೀಜ ಹರಡಿಕೊಂಡು ಕೂತರೆ ಕಹಿ ಬಿಡುತ್ತದೆ. ಒಂದು ಕಡೆ ಗುಡ್ಡೆಯಾಗಿ ಕೂತರೆ ಅಷ್ಟು ಬಿಡುವುದಿಲ್ಲ.

ಟಿಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ, ಶುಲಾವೆರಿ ಗೋರಾ ಅಂತ ಹಳೆಯ ದಿಬ್ಬಗಳಿವೆ. ಅಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರಿನಲ್ಲಿ ದ್ರಾಕ್ಷಿ ವೈನಿನ ಗುರುತು ಪತ್ತೆಯಾಗಿದೆ ಅಂತ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸುಮಾರು 8,000 ವರ್ಷ ಹಳೆಯದು. ಮಗಳು ಇದನ್ನು ಹೇಳಿದಾಗ ಯಜಮಾನರ ಕೈಯಲ್ಲಿದ್ದ ಆ ಲೋಟದ ನೀರೇ ನೆನಪಾಯಿತು. ಎಷ್ಟು ತಲೆಮಾರು ಹೀಗೆ ಬೆಳಕಿಗೆ ಹಿಡಿದು ನೋಡಿರಬಹುದು!

ಇನ್ನು ರುಚಿ. ನಾಲ್ಕು ಬಗೆ ಕೊಟ್ಟರು, ಒಂದೂವರೆ ಗಂಟೆ ಕೂತು ಕುಡಿದೆ. ನಡುನಡುವೆ ಬ್ರೆಡ್, ಚೀಸ್, ವಾಲ್‌ನಟ್.

ಮೊದಲನೆಯದು ಕ್ವೆವ್ರಿಯ ರ್ಕತ್ಸಿತೆಲಿ, ಹಿಂದಿನ ವರ್ಷದ್ದು. ಬಿಳಿ ದ್ರಾಕ್ಷಿಯ ವೈನ್ ಆದರೂ ಬಣ್ಣ ತಿಳಿ ಡಿಕಾಕ್ಷನ್ ಹಾಗೆ. ಸಿಪ್ಪೆ ಜೊತೆ ಅಷ್ಟು ತಿಂಗಳು ಇದ್ದುದರಿಂದ ಬಂದ ಬಣ್ಣ. ಮೂಗಿಗೆ ಒಣಗಿದ ಜರ್ದಾಳು, ಸ್ವಲ್ಪ ಜೇನು. ಸಿಹಿ ಇರುತ್ತದೆ ಅಂದುಕೊಂಡು ಬಾಯಿಗಿಟ್ಟರೆ ಸಿಹಿಯೇ ಇಲ್ಲ. ಒಗರು! ಹಾಲು ಹಾಕದ ಕಡಕ್ ಚಹಾ ಕುಡಿದಾಗ ವಸಡು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಟೂರಿನಲ್ಲಿ ಇದೇ ಹೆಸರಿನದು ಕುಡಿದಿದ್ದೆ, ಅದು ತೆಳ್ಳಗೆ ನಿಂಬೆ ನೀರಿನ ಹಾಗಿತ್ತು. ಅದು ಸಿಪ್ಪೆ ತೆಗೆದು ಮಾಡಿದ್ದು. ಎರಡನ್ನೂ ಕುಡಿದ ಮೇಲೆ ನನಗೆ ಇದೇ ಹಿಡಿಸಿತು. ಮಾವಿನ ಓಟೆಯ ಒಗರು, ಹಸಿ ಬಾಳೆಕಾಯಿಯ ಒಗರು, ವೀಳ್ಯದೆಲೆಯ ಒಗರು ತಿಂದು ಬೆಳೆದವರಿಗೆ ಈ ವೈನ್ ಹೊಸದು ಅನ್ನಿಸುವುದೇ ಇಲ್ಲ. ಎರಡನೇ ಗುಟುಕಿಗೇ ನಾಲಿಗೆ ಒಪ್ಪಿಕೊಳ್ಳುತ್ತದೆ. ನಾವು ಮಣೂಕ ಮಾಡುವಾಗ ಕಡ್ಡಿ, ತೊಟ್ಟು ಎಲ್ಲ ಬಿಡಿಸಿ ಎಸೆಯುತ್ತೇವೆ. ಇವರು ಆ ತೊಟ್ಟಿನಿಂದಲೂ ರುಚಿ ತೆಗೆಯುತ್ತಾರೆ. ಆದರೆ ತೊಟ್ಟು ಪೂರ್ತಿ ಬಲಿತಿರಬೇಕು, ಹಸಿರಿದ್ದರೆ ಹಾಕುವುದಿಲ್ಲ. ಯಜಮಾನರು ಒಂದು ತೊಟ್ಟು ಮುರಿದು ತೋರಿಸಿದರು. ಟಕ್ ಅಂತ ಮುರಿಯಬೇಕು, ಬಾಗಬಾರದು.

ಎರಡನೆಯದು ಕಿಸಿ ಎಂಬ ತಳಿ. ಪರಿಮಳ ಚೆನ್ನಾಗಿದೆ, ಒಗರು ಕಡಿಮೆ. ಮೊದಲ ಸಲ ಕುಡಿಯುವವರು ಇದರಿಂದ ಶುರು ಮಾಡಬಹುದು.

ಮೂರನೆಯದು ಸಪೆರಾವಿ, ಕೆಂಪು. ಸಪೆರಾವಿ ಅಂದರೆ ಬಣ್ಣ ಕೊಡುವುದು. ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ತಿರುಳು ಬಿಳಿಯೇ ಇರುತ್ತದೆ. ಇದರದ್ದು ತಿರುಳೂ ಕೆಂಪು. ತೋಟದಲ್ಲಿ ಒಂದು ಹಣ್ಣು ಹಿಚುಕಿದರೆ ಬೆರಳು ನೇರಳೆ ಹಣ್ಣು ತಿಂದ ಹಾಗಾಯಿತು, ಸಂಜೆ ತನಕ ಹೋಗಲಿಲ್ಲ. ರುಚಿಯೂ ನೇರಳೆಯದೇ. ಹುಳಿ, ಒಗರು, ಹಿಂದೆ ಚೂರು ಸಿಹಿ. ಉಪ್ಪು ಹಚ್ಚಿದ ನೇರಳೆ ನೆನಪಿಸಿಕೊಳ್ಳಿ. ಚೀಸಿನ ಜೊತೆ ಬಹಳ ಚೆನ್ನ. ಬರೀ ಕುಡಿದರೆ ನನಗೆ ಭಾರ ಅನ್ನಿಸಿತು.

ನಾಲ್ಕನೆಯದು ಕಿಂಡ್ಜ್‌ಮರಾವುಲಿ ಮಾದರಿಯ ಅರೆ ಸಿಹಿ. ಅದೂ ಸಪೆರಾವಿಯಿಂದಲೇ. ಬಹಳ ಜನಕ್ಕೆ ಇದೇ ಇಷ್ಟವಂತೆ. ನನಗೆ ಪಾನಕದ ಹಾಗಿತ್ತು. ಕೊನೆಗೆ ಚಾಚಾ ಅಂತ ಹಿಂಡಿದ ಸಿಪ್ಪೆಯಿಂದ ಭಟ್ಟಿ ಇಳಿಸಿದ್ದು ಕೊಟ್ಟರು. ತುಟಿಗೆ ತಾಗಿಸಿ ಇಟ್ಟುಬಿಟ್ಟೆ. ಗಂಟಲು ಸುಡುತ್ತದೆ, ಹುಷಾರು.

ಕುಡಿಯದವರಿಗೆ ಅಲ್ಲಿ ಏನಿದೆ ಅಂತ ಕೇಳುತ್ತೀರಿ. ನಮ್ಮ ಯಜಮಾನರು ಬೇಡ ಅಂದಾಗ ಯಾರೂ ಬಲವಂತ ಮಾಡಲಿಲ್ಲ. ಆಗಷ್ಟೇ ತುಳಿದ ತಾಜಾ ರಸ ಒಂದು ಜಗ್ ತುಂಬಿ ಇಟ್ಟರು. ಮಗಳೂ ಅದನ್ನೇ ಕುಡಿದಳು. ಬಿಲ್ ಮಾಡುವಾಗ ನಾವು ಕೇಳದೆಯೇ ಅವರಿಬ್ಬರಿಗೂ ವೈನಿನ ದುಡ್ಡು ಬಿಟ್ಟಿದ್ದರು.

ಊಟದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಅಡುಗೆ ಮನೆ ಅಜ್ಜಿಯದು. ಬೆಬಿಯಾ ಅಂತ ಕರೆಯುತ್ತಾರೆ, ಅಜ್ಜಿ ಅಂತಲೇ ಅರ್ಥ. ಎಂಬತ್ತರ ಮೇಲೆ ವಯಸ್ಸು. ನಾವು ಮಾಂಸ ತಿನ್ನುವುದಿಲ್ಲ ಅಂತ ಮಗಳು ಮೊದಲೇ ಹೇಳಿದ್ದಳು. ಅಜ್ಜಿಗೆ ಅದು ತಕ್ಷಣ ಗೊತ್ತಾಯಿತು, ಯಾಕೆಂದರೆ ಅವರಲ್ಲೂ ಉಪವಾಸದ ದಿನಗಳಿವೆ, ಆಗ ಮಾಂಸ, ಹಾಲು ಎಲ್ಲ ಬಿಡುತ್ತಾರೆ. ಹಾಗಾಗಿ ಸೊಪ್ಪು, ಕಾಳಿನ ಅಡುಗೆ ಅವರಿಗೆ ಕೈಗೆ ಕೂತಿದೆ. ನೀವೂ ಹೋದಾಗ ‘ಉಪವಾಸದ ಊಟ’ ಅಂತ ಹೇಳಿಸಿ, ಕೆಲಸ ಸುಲಭ.

ಲೋಬಿಯೊ ಅಂದರೆ ಕೆಂಪು ಕಾಳನ್ನು ಮಣ್ಣಿನ ಮಡಕೆಯಲ್ಲಿ ಬೇಯಿಸಿ ಅರ್ಧ ಮಸೆದದ್ದು, ಕೊತ್ತಂಬರಿ ಬೆಳ್ಳುಳ್ಳಿ ಹಾಕಿ. ಅದರ ಜೊತೆ ಮ್ಚಾದಿ, ಮೆಕ್ಕೆಜೋಳದ ದಪ್ಪ ರೊಟ್ಟಿ. ಅಜ್ಜಿ ಹಿಟ್ಟು ಕಲಸಿ ಎರಡೂ ಅಂಗೈ ನಡುವೆ ತಟ್ಟುತ್ತಿದ್ದರು. ನಾನು ಸುಮ್ನೆ ಪಕ್ಕಕ್ಕೆ ಹೋಗಿ ಒಂದು ಉಂಡೆ ತಗೊಂಡು ನಮ್ಮ ಜೋಳದ ರೊಟ್ಟಿ ಹಾಗೆ ಹಲಗೆ ಮೇಲೆ ಬಡಿದೆ. ತೆಳ್ಳಗೆ ಬರಲಿಲ್ಲ, ಅಂಚು ಒಡೆಯಿತು. ಅಜ್ಜಿ ಅದನ್ನೂ ಹೆಂಚಿಗೆ ಹಾಕಿದರು. ಬೆಂದ ಮೇಲೆ ನನ್ನ ರೊಟ್ಟಿಯನ್ನೇ ತಮ್ಮ ತಟ್ಟೆಗೆ ಹಾಕಿಕೊಂಡರು.

ಬದನೆಕಾಯಿ ಹೋಳು ಕರಿದು, ಒಳಗೆ ವಾಲ್‌ನಟ್ ಬೆಳ್ಳುಳ್ಳಿ ಅರೆದ ಮಸಾಲೆ ಇಟ್ಟು ಸುತ್ತಿ, ಮೇಲೆ ದಾಳಿಂಬೆ ಕಾಳು. ನಮ್ಮ ಶೇಂಗಾ ತುಂಬಿದ ಎಣ್ಣೆಗಾಯಿಯ ದೂರದ ತಂಗಿ. ಪಾಲಕ್, ಬೀಟ್‌ರೂಟ್ ಎಲೆ ಬೇಯಿಸಿ ಹಿಂಡಿ ಅದೇ ವಾಲ್‌ನಟ್ ಜೊತೆ ಉಂಡೆ ಕಟ್ಟಿದ್ದು, ಅದಕ್ಕೆ ಫ್ಖಾಲಿ ಅನ್ನುತ್ತಾರೆ. ಅವರ ಮಸಾಲೆ ಡಬ್ಬಿ ತೆಗೆಸಿ ನೋಡಿದೆ. ಧನಿಯಾ ಇದೆ, ಮೆಂತ್ಯದ ಜಾತಿಯದೇ ಒಂದು ಇದೆ. ಹಳದಿ ಪುಡಿ ಅರಿಶಿನ ಅಂದುಕೊಂಡರೆ ಅಲ್ಲ, ಒಣಗಿಸಿದ ಚೆಂಡು ಹೂವಿನ ಎಸಳು! ನಾವು ದಸರಾಕ್ಕೆ ಬಾಗಿಲಿಗೆ ಕಟ್ಟುವ ಹೂ ಅವರ ಸಾರಿಗೆ ಬೀಳುತ್ತದೆ. ಬ್ರೆಡ್ಡನ್ನು ತೋನೆ ಎಂಬ ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಡುತ್ತಾರೆ, ತಂದೂರ್ ಹಾಗೆ. ದೋಣಿಯಾಕಾರದ ಆ ಬ್ರೆಡ್ಡಿಗೆ ಶೋತಿ ಅಂತ ಹೆಸರು. ಬಿಸಿ ಇರುವಾಗ ಚೀಸ್ ಜೊತೆ ತಿನ್ನಿ. ತಣ್ಣಗಾದರೆ ಚರ್ಮದ ಹಾಗಾಗುತ್ತದೆ.

ಮಾಂಸ ತಿನ್ನುವವರಿಗೆ ದ್ರಾಕ್ಷಿ ಕಡ್ಡಿಯ ಕೆಂಡದಲ್ಲೇ ಸುಡುತ್ತಾರೆ, ಅದಕ್ಕೆ ಮ್ತ್ಸ್ವಾದಿ ಅಂತ ಹೆಸರು. ಚಾಟ್ನಿ ಮಾಡಿದ ಕಡ್ಡಿಯನ್ನು ಕಟ್ಟು ಕಟ್ಟಿ ವರ್ಷಪೂರ್ತಿ ಇಟ್ಟುಕೊಂಡಿರುತ್ತಾರೆ. ನಮಗೆ ಅದೇ ಕೆಂಡದಲ್ಲಿ ಅಣಬೆ ಸುಟ್ಟುಕೊಟ್ಟರು. ಅವರಲ್ಲಿ ಚಾಟ್ನಿ ವರ್ಷಕ್ಕೆ ಒಂದೇ ಸಲ, ಚಳಿ ಮುಗಿಯುವ ಹೊತ್ತಿಗೆ. ನಮ್ಮದು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಅಂದಾಗ ಯಜಮಾನರು ನಂಬಲಿಲ್ಲ. ಹಾಗಾದರೆ ನಿಮ್ಮ ಬಳ್ಳಿ ಯಾವಾಗ ಮಲಗುತ್ತದೆ ಅಂತ ಕೇಳಿದರು. ನಮ್ಮ ಊರಿನಲ್ಲಿ ಬಳ್ಳಿ ಮಲಗುವುದೇ ಇಲ್ಲ.

ಎರಡನೇ ದಿನ ಬೆಳಿಗ್ಗೆ ಚುರ್ಚ್‌ಖೇಲಾ ಮಾಡಿದರು. ಅಂಗಡಿ ಅಂಗಡಿಯಲ್ಲಿ ಮೇಣದ ಬತ್ತಿ ಹಾಗೆ ನೇತುಹಾಕಿರುತ್ತಾರಲ್ಲ, ಅದು. ದ್ರಾಕ್ಷಿ ರಸವನ್ನು ತಾಮ್ರದ ಕೊಪ್ಪರಿಗೆಯಲ್ಲಿ ಕುದಿಸಿ, ಗೋಧಿ ಹಿಟ್ಟು ಕದಡಿ ಹಾಕಿ ಗಟ್ಟಿ ಮಾಡುತ್ತಾರೆ. ಸಕ್ಕರೆ ಒಂದು ಚಮಚವೂ ಇಲ್ಲ. ಗಾಣದ ಮನೆಯ ಬೆಲ್ಲದ ವಾಸನೆಯೇ ಬರುತ್ತಿತ್ತು, ಜೊತೆಗೆ ಚೂರು ಹುಳಿ. ಮನೆಯ ಸೊಸೆ ಸೌಟಿನಿಂದ ಒಂದು ಹನಿ ತಟ್ಟೆಗೆ ಬಿಟ್ಟು ಓರೆ ಮಾಡಿದಳು. ಹರಿಯಿತು. ಇನ್ನಷ್ಟು ತಿರುವು ಅಂದಳು. ಮತ್ತೆ ಬಿಟ್ಟಾಗ ನಿಂತಿತು. ದಾರಕ್ಕೆ ಪೋಣಿಸಿದ ವಾಲ್‌ನಟ್ ಸರವನ್ನು ಅದರಲ್ಲಿ ಮುಳುಗಿಸಿ, ನಿಧಾನ ಎತ್ತಿ, ತುದಿಯ ಹನಿ ಬೀಳುವ ತನಕ ಕಾದು ಕೋಲಿಗೆ ನೇತುಹಾಕಿದಳು. ತಣ್ಣಗಾದ ಮೇಲೆ ಇನ್ನೊಮ್ಮೆ. ಒಣಗಲು ಒಂದೆರಡು ವಾರ ಬೇಕು. ಹಿಂದಿನ ವಾರದ್ದು ಹತ್ತು ಸರ ತಂದೆವು, ದಾರಿ ಬದಿ ಅಂಗಡಿಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಅವತ್ತು ಮಧ್ಯಾಹ್ನ ಅಲವೆರ್ಡಿ ಮಠಕ್ಕೆ, ತ್ಸಿನಂದಾಲಿಗೆ ಹೋಗಿ ಬಂದೆವು. ಅಲವೆರ್ಡಿಯ ಚರ್ಚ್ 11ನೇ ಶತಮಾನದ್ದು, ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ಸನ್ಯಾಸಿಗಳು ಈಗಲೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಹೆಣ್ಣುಮಕ್ಕಳು ತಲೆ ಮುಚ್ಚಬೇಕು. ನಾನು ಸೆರಗು ಹೊದ್ದುಕೊಂಡೆ, ಸಾಕಾಯಿತು. ತ್ಸಿನಂದಾಲಿ ಕವಿ ಅಲೆಕ್ಸಾಂಡರ್ ಚಾವ್‌ಚಾವಾಡ್ಜೆ ಅವರ ಮನೆ, ಈಗ ಮ್ಯೂಸಿಯಂ. ಐರೋಪ್ಯ ರೀತಿಯಲ್ಲಿ ಬಾಟಲಿಗೆ ತುಂಬುವ ವೈನ್ ಈ ದೇಶದಲ್ಲಿ ಬೆಳೆದದ್ದು ಅಲ್ಲಿಂದ. ತೋಟ ಬಹಳ ಚೆನ್ನಾಗಿದೆ. ಒಂದು ಗಂಟೆ ಸಾಕು.

ಕೊನೆಯ ರಾತ್ರಿ ಸುಪ್ರಾ ಇಟ್ಟರು. ಸುಪ್ರಾ ಅಂದರೆ ಹಬ್ಬದೂಟ. ಅದಕ್ಕೊಬ್ಬ ಹಿರಿಯ ಇರುತ್ತಾನೆ, ತಮಾದಾ. ಅವನು ಎದ್ದು ನಿಂತು ಮಾತಾಡಿ ಮುಗಿಸುವ ತನಕ ಯಾರೂ ಲೋಟ ಮುಟ್ಟುವ ಹಾಗಿಲ್ಲ. ಮೊದಲು ದೇವರಿಗೆ, ಆಮೇಲೆ ಶಾಂತಿಗೆ, ಆಮೇಲೆ ತೀರಿಹೋದವರಿಗೆ, ಮಕ್ಕಳಿಗೆ. ಪ್ರತಿ ಸಲವೂ ‘ಗೌಮಾರ್ಜೋಸ್’, ಅಂದರೆ ಜಯವಾಗಲಿ. ಯಜಮಾನರೇ ತಮಾದಾ. ಅವರ ಮಾತಿನ ನಡುವೆ 2006 ಬಂತು. ಆ ವರ್ಷ ರಷ್ಯಾ ಇವರ ವೈನ್ ಕೊಳ್ಳುವುದನ್ನು ನಿಲ್ಲಿಸಿತು, ಮತ್ತೆ ತೆರೆದದ್ದು 2013ರಲ್ಲಿ. ಹಣ್ಣು ಕೇಳುವವರೇ ಇರಲಿಲ್ಲವಂತೆ. ಪಕ್ಕದ ಮನೆಯವರು ಬಳ್ಳಿ ಕಿತ್ತರು, ನಾವು ಕೀಳಲಿಲ್ಲ ಅಂದರು. ತಾಸಗಾಂವ್ ಮಾರ್ಕೆಟ್ಟಿನಲ್ಲಿ ಮಣೂಕದ ರೇಟು ಬಿದ್ದ ವರ್ಷ ನಾವೂ ರಾತ್ರಿಯಿಡೀ ಕೂತು ಇದೇ ಮಾತಾಡಿದ್ದೆವು, ಕೀಳುವುದೋ ಬಿಡುವುದೋ ಅಂತ.

ಆಮೇಲೆ ಅವರು ಮಾತನ್ನು ನಮ್ಮ ಯಜಮಾನರಿಗೆ ದಾಟಿಸಿದರು. ಅದೂ ಪದ್ಧತಿಯೇ. ನಮ್ಮವರು ಸಭೆಯಲ್ಲಿ ಮಾತಾಡುವ ಮನುಷ್ಯ ಅಲ್ಲ. ದ್ರಾಕ್ಷಿ ರಸದ ಲೋಟ ಹಿಡಿದು ಎದ್ದು ನಿಂತರು. ‘ಮಳಿ ಹೊತ್ತಿಗೆ ಬರಲಿ. ಹೂ ಹಿಡದಾಗ ಆಲಿಕಲ್ಲು ಬೀಳದಿರಲಿ. ನಿಮಗೂ, ನಮಗೂ’ ಅಂದರು. ಅಷ್ಟೇ. ಮಗಳು ಅದನ್ನು ಅವರ ಭಾಷೆಗೆ ತಿರುಗಿಸಿದಳು. ಕಖೇತಿಯಲ್ಲೂ ಆಲಿಕಲ್ಲಿನ ಕಾಟ ಬಹಳ. ಯಜಮಾನರು ಲೋಟ ಕೆಳಗಿಟ್ಟು, ಮೇಜು ಸುತ್ತಿ ಬಂದು ನಮ್ಮವರನ್ನು ತಬ್ಬಿಕೊಂಡರು. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ನನ್ನದೂ.

ಕುಂದುಕೊರತೆಯೂ ಹೇಳಬೇಕು. ಬಚ್ಚಲು ಅಂಗಳದ ಆಚೆ, ರಾತ್ರಿ ಚಳಿಯಲ್ಲಿ ಹೋಗುವುದು ಕಷ್ಟ. ಮೇಲಿನ ಕೋಣೆಗೆ ಏಣಿಯಂಥ ಮೆಟ್ಟಿಲು, ಮೊಣಕಾಲು ನೋವಿದ್ದವರು ಕೆಳಗಿನ ಕೋಣೆ ಕೇಳಿ. ಇಂಗ್ಲಿಷ್ ಯಾರಿಗೂ ಬರುವುದಿಲ್ಲ. ನಮಗೆ ಮಗಳು ಇದ್ದಳು, ರೋಗಿಗಳ ಜೊತೆ ಮಾತಾಡಿ ಭಾಷೆ ಕಲಿತಿದ್ದಾಳೆ. ನೀವು ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಕೊಳ್ಳಿ. ಊಟ ಮುಗಿಯಲು ಮಧ್ಯರಾತ್ರಿ ಆಗುತ್ತದೆ, ಸಣ್ಣ ಮಕ್ಕಳಿದ್ದರೆ ಯೋಚಿಸಿ. ಗಾಡಿ ನೀವೇ ಓಡಿಸುವ ಯೋಚನೆ ಬೇಡ, ಟ್ಯಾಕ್ಸಿ ಮಾಡಿಕೊಳ್ಳಿ.

ದುಡ್ಡಿನ ವಿಷಯ. ಅಲ್ಲಿನ ದುಡ್ಡಿಗೆ ಲಾರಿ ಅನ್ನುತ್ತಾರೆ. ಕೋಣೆಗೆ ರಾತ್ರಿಗೆ 120 ಲಾರಿ, ತಿಂಡಿ ಸೇರಿ. ವೈನ್ ರುಚಿ ಮತ್ತು ಮೊದಲ ರಾತ್ರಿಯ ಊಟ ನನಗೆ 70, ಕುಡಿಯದ ಇಬ್ಬರಿಗೆ ತಲಾ 45. ಎರಡನೇ ರಾತ್ರಿ ತಲಾ 40. ಒಟ್ಟು 520 ಲಾರಿ. ಆಗ ಒಂದು ಲಾರಿಗೆ ಸುಮಾರು 31 ರೂಪಾಯಿ ಇತ್ತು, ಅಂದರೆ ಮೂವರಿಗೂ ಸೇರಿ 16,000 ಚಿಲ್ಲರೆ. ಭಾರತಕ್ಕೆ ವಾಪಸ್ ಬರುವಾಗ ಒಬ್ಬರಿಗೆ ಎರಡು ಲೀಟರ್ ತನಕ ಸುಂಕವಿಲ್ಲ. ನಾನು ರ್ಕತ್ಸಿತೆಲಿಯ ಒಂದೇ ಬಾಟಲಿ ತಂದೆ.

ಫೆಬ್ರವರಿಯಲ್ಲಿ ನಮ್ಮ ಹಣ್ಣು ಬಂದಾಗ ಚುರ್ಚ್‌ಖೇಲಾ ಮಾಡಿ ನೋಡಿದೆ. ವಾಲ್‌ನಟ್ ಬದಲು ಗೋಡಂಬಿ, ಬಾದಾಮಿ. ಗಟ್ಟಿಯಾಯಿತು, ಒಣಗಿತು, ನೋಡಲು ಹಾಗೇ ಬಂತು. ರುಚಿ ಮಾತ್ರ ಬರೀ ಸಿಹಿ. ಥಾಮ್ಸನ್‌ನಲ್ಲಿ ಅಷ್ಟು ಹುಳಿ ಎಲ್ಲಿಂದ ಬರಬೇಕು? ಮುಂದಿನ ಸಲ ಹಣ್ಣು ಪೂರ್ತಿ ಮಾಗುವ ಮೊದಲೇ ಒಂದು ಬುಟ್ಟಿ ಕಿತ್ತು ಮಾಡಬೇಕು ಅಂತಿದೆ.

ಹೋಗುವಾಗ ಅಜ್ಜಿಗೆ ನಮ್ಮ ಮನೆಯ ಹಸಿರು ಮಣೂಕ ಎರಡು ಕಿಲೋ ಒಯ್ದಿದ್ದೆ. ಒಂದು ಬಾಯಿಗೆ ಹಾಕಿಕೊಂಡು ನೋಡಿ, ಬಟ್ಟೆ ಚೀಲದಲ್ಲಿ ಕಟ್ಟಿ ಎತ್ತಿಟ್ಟಿದ್ದರು. ಮೊನ್ನೆ ಅವರ ಈಸ್ಟರ್ ಹಬ್ಬಕ್ಕೆ ಮಗಳು ಮತ್ತೆ ಆ ಮನೆಗೆ ಹೋಗಿದ್ದಳು. ಪಾಸ್ಕಾ ಅಂತ ಎತ್ತರದ ಸಿಹಿ ಬ್ರೆಡ್ ಮಾಡುತ್ತಾರೆ ಆ ಹಬ್ಬಕ್ಕೆ. ಕೊಯ್ದ ಹೋಳಿನ ಫೋಟೊ ಕಳಿಸಿದಳು. ಒಳಗೆ ಅಲ್ಲಲ್ಲಿ ಹಸಿರು. ‘ಅವ್ವಾ, ನಮ್ಮ ಮಣೂಕ ನೋಡಿಲ್ಲೆ’ ಅಂತ ಬರೆದಿದ್ದಳು.